ಹುಳು ಕೊಟ್ಟವರಿಗೆ, ಕೈಹಿಡಿದು ಕಲಿಸಿದವರಿಗೆ

ರೇಷ್ಮೆ ಹುಳುವಿನ ರೋಗಪತ್ತೆ ಕುರಿತ ನನ್ನ ಪಿಎಚ್‌.ಡಿ. ಪ್ರಬಂಧಕ್ಕೆ ಕಳೆದ ವಾರ ಒಪ್ಪಿಗೆ ಸಿಕ್ಕಿತು. ಈ ಕೆಲಸ ಇಲ್ಲಿಯವರೆಗೆ ಬಂದದ್ದು ಯಾರ್‍ಯಾರಿಂದ ಎಂದು ಎಲ್ಲರ ಮುಂದೆ ಹೇಳಬೇಕೆನಿಸಿದೆ.

ಮೊದಲ ನಮಸ್ಕಾರ ಕನಕಪುರ, ಶಿಡ್ಲಘಟ್ಟ ಕಡೆಯ ಬೆಳೆಗಾರರಿಗೆ. ನಾಲ್ಕನೇ ಜ್ವರ (ಹಳೆ ಚರ್ಮ ಕಳಚುವ ಹಂತ) ಎದ್ದು, ಇನ್ನೇನು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತಬೇಕಾದ ಹುಳು ಹಾಲುತೊಂಡೆ ಎಂಬ ವೈರಸ್ ರೋಗ ಬಂದು ಊದಿಕೊಳ್ಳುತ್ತದೆ. ಸೊಪ್ಪು ಬಿಟ್ಟು ಸ್ಟ್ಯಾಂಡಿನ ಅಂಚಿನಲ್ಲಿ ಅಲೆಯುತ್ತದೆ. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ರಸ ಸುರಿಯುತ್ತದೆ. ಹಾಕಿದ ದುಡ್ಡು, ದುಡಿಮೆ ಎರಡೂ ಕೈಬಿಟ್ಟ ಅಂಥ ದಿನ ಮನೆಗೆ ಹೊರಗಿನವರು ಬರುವುದು ಯಾರಿಗೆ ಬೇಕು? ಆದರೂ ನೀವು ಫೋನ್ ಮಾಡಿ ಕರೆದಿರಿ. “ಹೂಳುವ ಮೊದಲು ಬೇಕಾದಷ್ಟು ತೆಗೆದುಕೊಳ್ಳಿ ಮೇಡಂ” ಎಂದಿರಿ. ಅದಕ್ಕಿಂತ ದೊಡ್ಡ ಉಪಕಾರವೆಂದರೆ, ರೋಗದ ಸುಳಿವೇ ಇಲ್ಲದ ಬೆಳೆಗಳಲ್ಲೂ ಪ್ರತಿ ಜ್ವರ ಎದ್ದ ಮೇಲೆ ಹುಳು ಕೊಟ್ಟದ್ದು. ರೋಗ ಕಣ್ಣಿಗೆ ಬೀಳುವ ಮುನ್ನ ಹುಳುವಿನ ಮೈಯಲ್ಲಿ ಏನು ಬದಲಾಗುತ್ತದೆ ಎಂಬುದೇ ನನ್ನ ಪ್ರಶ್ನೆಯಾಗಿದ್ದರಿಂದ, ಆ ಆರೋಗ್ಯವಂತ ಹುಳುಗಳಿಲ್ಲದಿದ್ದರೆ ಪ್ರಬಂಧವೇ ಇರುತ್ತಿರಲಿಲ್ಲ.

ಹುಳುವಿನ ರಕ್ತದಲ್ಲಿ ಏನು ಹುಡುಕುತ್ತೀರಿ ಎಂದು ನೀವು ಕೇಳುತ್ತಿದ್ದಿರಿ. ಜೀವಕೋಶಗಳು ಹೊರಬಿಡುವ, ಕೊಬ್ಬಿನ ಪೊರೆಯ ಕಿರುಚೀಲಗಳನ್ನು. ನಾನು ನೋಡಿದ ಬಗೆಯವು ಸುಮಾರು 30ರಿಂದ 150 ನ್ಯಾನೋಮೀಟರ್ ಗಾತ್ರದವು. ತಾವು ಹುಟ್ಟಿದ ಕೋಶದ ಪ್ರೋಟೀನ್, ಆರ್‌ಎನ್‌ಎಗಳನ್ನು ಅವು ಹೊತ್ತಿರುತ್ತವೆ. ಹಾಗಾಗಿ ಕರುಳಿಗೆ ತಗುಲಿದ ಸೋಂಕಿನ ಗುರುತು ಒಂದು ಹನಿ ರಕ್ತದಲ್ಲೇ ಸಿಗಬಹುದೆಂಬ ಆಸೆ. ಬೀಜಾಣುವಿನಿಂದ ಹರಡುವ ಗಂಟುರೋಗ ಎಂಬ ಇನ್ನೊಂದು ಕಾಯಿಲೆಯ ಪತ್ತೆಗೆ ಇಂದಿಗೂ ನೆಚ್ಚಿಕೊಂಡಿರುವುದು 1860ರ ದಶಕದಲ್ಲಿ ಲೂಯಿ ಪಾಶ್ಚರ್ ದಕ್ಷಿಣ ಫ್ರಾನ್ಸಿನಲ್ಲಿ ರೂಪಿಸಿದ ಪರೀಕ್ಷೆಯನ್ನು: ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುವುದು. ತಾಯಿಯಿಂದ ಮೊಟ್ಟೆಗೆ ಇಳಿಯುವ ರೋಗಕ್ಕೆ ಅದು ಗಟ್ಟಿ ಕಾವಲು. ಹುಳು ಮನೆಯಲ್ಲಿ ಆಮೇಲೆ ಹರಡುವ ಸೋಂಕು ಅದರ ಕಣ್ಣಿಗೆ ಬೀಳುವುದಿಲ್ಲ.

ಆ ಪರೀಕ್ಷೆಯನ್ನು ನನಗೆ ಕಲಿಸಿದವರು ಬಿತ್ತನೆ ಕೋಠಿಯ, ಅಂದರೆ ರೇಷ್ಮೆ ಮೊಟ್ಟೆ ತಯಾರಿಸುವ ಕೇಂದ್ರದ ಅಕ್ಕಂದಿರು. ಮೂರು ನಾಲ್ಕು ಮೈಕ್ರಾನ್ ಉದ್ದದ, ಮಿರುಗುವ ಗಂಟುರೋಗದ ಬೀಜಾಣುವನ್ನು ಬೇರೆ ಶಿಲೀಂಧ್ರಗಳಿಂದ ಒಂದೇ ನೋಟಕ್ಕೆ ಬೇರ್ಪಡಿಸುವ ಅವರ ಕಣ್ಣಿನ ಮೇಲೆ ನನಗೆ ಅಪಾರ ಗೌರವವಿದೆ. ಸರಿಯಾದ ಮೊಟ್ಟೆ ಊರಿಗೆ ತಲುಪುವುದು ಅವರಿಂದ.

ನಮ್ಮ ಪ್ರಯೋಗಾಲಯದ ಸಹಾಯಕಣ್ಣನಿಗೆ ಹೇಗೆ ಧನ್ಯವಾದ ಹೇಳಲಿ? ರೇಷ್ಮೆ ಹುಳುವಿನ ರಕ್ತ ಗಾಳಿಗೆ ಸೋಕಿದರೆ ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗಿ ಕೆಡುತ್ತದೆ. ಅವರು ಹುಳುವನ್ನು ಮಂಜುಗಡ್ಡೆಯ ಮೇಲೆ ತಣಿಸಿ, ಹೊಟ್ಟೆಯ ಕಾಲಿಗೆ ಸೂಜಿ ತಾಕಿಸಿ, ತಿಳಿಹಳದಿ ಹನಿಯನ್ನು ಔಷಧ ಹಾಕಿದ ಕೊಳವೆಗೆ ಇಳಿಸುವ ಹೊತ್ತಿಗೆ ನಾನು ಇನ್ನೂ ಕೈಗವಸು ಎಳೆದುಕೊಳ್ಳುತ್ತಿದ್ದೆ.

ನನ್ನ ಮಾರ್ಗದರ್ಶಕರು ಕೇಳಿದ ಒಂದು ಪ್ರಶ್ನೆ ಕೆಲಸದ ದಿಕ್ಕನ್ನೇ ಬದಲಿಸಿತು: “ಕೊಳವೆಯ ತಳದಲ್ಲಿ ಕೂತಿರುವುದು ಚೀಲವೋ, ವೈರಸ್ಸೋ?” ಹಾಲುತೊಂಡೆ ತರುವ ವೈರಸ್ ಪೊರೆ ಹೊದ್ದು ಕೋಶದಿಂದ ಹೊರಬರುತ್ತದೆ, ಗುರುತ್ವದ ಲಕ್ಷ ಪಟ್ಟು ಬಲದಲ್ಲಿ ತಿರುಗಿಸಿದಾಗ ಅದೂ ಚೀಲಗಳ ಜೊತೆಗೇ ತಳ ಸೇರುತ್ತದೆ. ಗಂಟುರೋಗದ ಬೀಜಾಣು ಹಾಗಲ್ಲ. ಗಾತ್ರ ದೊಡ್ಡದು, ಕಡಿಮೆ ವೇಗದಲ್ಲೇ ಬೇರೆಯಾಗುತ್ತದೆ. ನಾನು ಗಂಟುರೋಗದ ಕಡೆ ಹೊರಳಿದ್ದು ಆ ಪ್ರಶ್ನೆಯಿಂದ. ಇನ್ನೊಂದು ಸಂಸ್ಥೆಯಲ್ಲಿ ಕೊಳವೆಗಳನ್ನು ಅಷ್ಟು ಬಲದಲ್ಲಿ ತಿರುಗಿಸುವ ಯಂತ್ರವನ್ನು ರಾತ್ರಿ ಪಾಳಿಯಲ್ಲಿ ನನಗೆ ಬಿಟ್ಟುಕೊಟ್ಟ ಸರ್ ಅವರಿಗೂ, ಆ ರಾತ್ರಿಗಳಲ್ಲಿ ಮಗಳನ್ನು ನೋಡಿಕೊಂಡ ಅತ್ತೆಯವರಿಗೂ ಋಣಿ.

ಬೆಳೆಗಾರರಿಗೆ ಇನ್ನೊಂದು ಮಾತು. ಒಂದು ಹನಿ ರಕ್ತದ ಪರೀಕ್ಷೆ ನಿಮ್ಮ ಹುಳು ಮನೆಗೆ ಬರಲು ಬಹಳ ಕೆಲಸ ಬಾಕಿಯಿದೆ, ಅದರಲ್ಲಿ ನಾನಿರುತ್ತೇನೆ. ಅಲ್ಲಿಯವರೆಗೆ ಪರೀಕ್ಷೆಯಾದ ಮೊಟ್ಟೆಯನ್ನೇ ತನ್ನಿ, ಬೆಳೆ ಬೆಳೆಗೂ ಮನೆ ತೊಳೆದು ಸೋಂಕು ನಿವಾರಣೆ ಮಾಡಿ. ಅನುಮಾನ ಬಂದರೆ ಎಷ್ಟು ಹೊತ್ತಾದರೂ ಸರಿ, ಮೊದಲಿನಂತೆಯೇ ಫೋನ್ ಮಾಡಿ.