ಸೀನಿಯರ್ ತಂಡದ ನಾಲ್ಕು ಸಂಬಳ ಅಕಾಡೆಮಿಗೆ: ಮುಂದಿನ ಸೀಸನ್‌ನ ಬದಲಾವಣೆ ಕುರಿತು ಪತ್ರ

ಮಾನ್ಯ ಸದಸ್ಯರೇ, ಸೀಸನ್ ಟಿಕೆಟ್ ಪಡೆದಿರುವವರೇ ಹಾಗೂ ವಾರಾಂತ್ಯದ ತರಗತಿಗಳ ಪೋಷಕರೇ,

ಮುಂದಿನ ಸೀಸನ್‌ನಿಂದ ನಮ್ಮ ಸಹಕಾರಿ ಫುಟ್ಬಾಲ್ ಕ್ಲಬ್ಬಿನ ಸೀನಿಯರ್ ತಂಡದಲ್ಲಿ ಒಪ್ಪಂದದ ಆಟಗಾರರ ಸಂಖ್ಯೆ 26ರಿಂದ 22ಕ್ಕೆ ಇಳಿಯುತ್ತದೆ. ಆ ನಾಲ್ಕು ಜಾಗಗಳು ನಮ್ಮಲ್ಲೇ ಬೆಳೆದ ಹುಡುಗರಿಗೆ. ಅಷ್ಟೂ ಸಂಬಳದ ಹಣ ಯುವ ಅಕಾಡೆಮಿಯ ಕೋಚ್‌ಗಳಿಗೆ, ಒಬ್ಬ ಫಿಸಿಯೋಥೆರಪಿಸ್ಟ್‌ಗೆ ಮತ್ತು ದಾಖಲೆ ನೋಡಿಕೊಳ್ಳುವ ಒಬ್ಬ ಸಿಬ್ಬಂದಿಗೆ ಹೋಗುತ್ತದೆ. ಸೀಸನ್ ಟಿಕೆಟ್ ದರ ಹೆಚ್ಚುವುದಿಲ್ಲ. ಆದರೆ ಎರಡನೇ ಮೈದಾನವನ್ನು ವಾರದ ದಿನಗಳಲ್ಲಿ ಸಂಜೆ 5ರಿಂದ 7ರವರೆಗೆ ಬಾಡಿಗೆಗೆ ಕೊಡುವುದು ನಿಲ್ಲುತ್ತದೆ. ಈಗಾಗಲೇ ಕಾಯ್ದಿರಿಸಿದವರಿಗೆ ಅದೇ ದರದಲ್ಲಿ 7ರಿಂದ 9ರ ಸಮಯ ಸಿಗುತ್ತದೆ. ಬೇಡವೆಂದರೆ ಮುಂಗಡ ಪೂರ್ತಿ ವಾಪಸ್.

‘ಆ ಹಣಕ್ಕೆ ಒಬ್ಬ ಒಳ್ಳೆಯ ಸ್ಟ್ರೈಕರ್ ಬರುತ್ತಿರಲಿಲ್ಲವೇ?’ ಎಂದು ನೀವು ಕೇಳಬಹುದು. ಬರುತ್ತಿದ್ದ. ಅಕಾಡೆಮಿ ನಡೆಸಿದರೆ ಯಾವ ಕ್ಲಬ್ಬಿಗಾದರೂ ಲಾಭವೇ ಎಂಬ ಮಾತನ್ನು ನಾವೂ ನಂಬುವುದಿಲ್ಲ. ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಕ್ಲಬ್ 2016ರಲ್ಲಿ ತನ್ನ ಅಕಾಡೆಮಿಯನ್ನೇ ಮುಚ್ಚಿತು. ವರ್ಷಗಟ್ಟಲೆ ಕಲಿಸಿದ ಹುಡುಗರನ್ನು 16ರ ಆಸುಪಾಸಿನಲ್ಲಿ ದೊಡ್ಡ ಕ್ಲಬ್‌ಗಳು ಅಲ್ಪ ಪರಿಹಾರ ಕೊಟ್ಟು ಕರೆದೊಯ್ಯುತ್ತಿದ್ದದ್ದು ಅದಕ್ಕೊಂದು ಮುಖ್ಯ ಕಾರಣ. ಅದರ ಬದಲು ಬೇರೆ ಕ್ಲಬ್‌ಗಳು ಕೈಬಿಟ್ಟ, ಹದಿನೇಳು ದಾಟಿದ ಹುಡುಗರನ್ನು ಸೇರಿಸಿ ‘ಬಿ’ ತಂಡ ಕಟ್ಟಿತು. 2021ರಲ್ಲಿ ಪ್ರೀಮಿಯರ್ ಲೀಗ್‌ಗೆ ಏರಿತು, ಆಮೇಲೆ ಅಕಾಡೆಮಿಯನ್ನು ಮತ್ತೆ ತೆರೆಯಿತು. ಇನ್ನೊಂದು ತುದಿಯಲ್ಲಿ ಸ್ಪೇನಿನ ಬಾರ್ಸಿಲೋನಾ ಇದೆ. 2012ರ ನವೆಂಬರ್‌ನಲ್ಲಿ ಲೆವಾಂತೆ ವಿರುದ್ಧದ ಪಂದ್ಯದಲ್ಲಿ ಒಂದು ಹಂತದಲ್ಲಿ ಅದರ ಹನ್ನೊಂದೂ ಆಟಗಾರರು ಆ ಕ್ಲಬ್ಬಿನದೇ ಅಕಾಡೆಮಿಯಾದ ಲಾ ಮಾಸಿಯಾದಲ್ಲಿ ಕಲಿತವರು. ಈ ಹೆಸರು ಕೇಳಿ ಸಣ್ಣ ಕ್ಲಬ್‌ಗಳು ಮೊದಲು ಕಟ್ಟಡಕ್ಕೆ ಕೈಹಾಕುತ್ತವೆ. 1979ರಲ್ಲಿ ಲಾ ಮಾಸಿಯಾ ಶುರುವಾದದ್ದು ಒಂದು ಹಳೆಯ ತೋಟದ ಮನೆಯಲ್ಲಿ ಎಂಬುದು ಅವಕ್ಕೆ ನೆನಪಿರುವುದಿಲ್ಲ. ನಾವು ಕಟ್ಟಡಕ್ಕೆ ಒಂದು ಕಾಸೂ ಇಡುತ್ತಿಲ್ಲ.

ಆಟಗಾರರನ್ನು ಮಾರಿ ಅಕಾಡೆಮಿ ನಡೆಸಬಹುದೆಂಬ ಲೆಕ್ಕವೂ ನಮ್ಮದಲ್ಲ. ಫಿಫಾ ನಿಯಮದಂತೆ, ಒಪ್ಪಂದದ ಅವಧಿ ಮುಗಿಯುವ ಮುನ್ನ ಆಟಗಾರನೊಬ್ಬ ಬೇರೆ ದೇಶದ ಕ್ಲಬ್ಬಿಗೆ ಹಣಕ್ಕೆ ವರ್ಗವಾದರೆ, ಆ ಮೊತ್ತದಲ್ಲಿ ಶೇ 5ರಷ್ಟನ್ನು ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು. 12ರಿಂದ 15ನೇ ಹುಟ್ಟುಹಬ್ಬಗಳು ಬರುವ ಪ್ರತಿ ಸೀಸನ್‌ಗೆ ಶೇ 0.25, 16ರಿಂದ 23ರವರೆಗೆ ಪ್ರತಿ ಸೀಸನ್‌ಗೆ ಶೇ 0.5. ಹುಡುಗ 12ರಿಂದ 17ರವರೆಗೆ ನಮ್ಮಲ್ಲಿದ್ದರೆ ನಾಲ್ಕು ಸೀಸನ್‌ಗೆ ಶೇ 1, ಎರಡು ಸೀಸನ್‌ಗೆ ಶೇ 1, ಒಟ್ಟು ಶೇ 2. ಒಪ್ಪಂದ ಮುಗಿದ ಮೇಲೆ ಹೊರಟರೆ ಈ ಬಾಬ್ತಿನಲ್ಲಿ ಸೊನ್ನೆ. ಬಂದರೆ ಸಂತೋಷ, ಆದರೆ ಬಜೆಟ್ಟಿನ ಆದಾಯದ ಕಡೆಗೆ ಅದನ್ನು ಬರೆದಿಲ್ಲ.

ಹಾಗೆ ಬರಬೇಕಾದ ಹಣ ಕೈತಪ್ಪುವುದು ಹೆಚ್ಚಾಗಿ ಕಾಗದದಲ್ಲಿ. ನೋಂದಣಿ ಒಂದು ಸೀಸನ್ ತಡವಾದರೆ ‘ಆಟಗಾರನ ಪಾಸ್‌ಪೋರ್ಟ್’ ಎಂಬ, ಅವನು ಯಾವಾಗ ಯಾವ ಕ್ಲಬ್ಬಿನಲ್ಲಿದ್ದ ಎಂದು ಹೇಳುವ ದಾಖಲೆಯಲ್ಲಿ ಆ ಅವಧಿ ಖಾಲಿ ಉಳಿಯುತ್ತದೆ. ಹುಟ್ಟಿದ ದಿನಾಂಕ ಎರಡು ಕಡೆ ಎರಡು ಥರ ಇದ್ದರೂ ತಕರಾರು. ದಾಖಲೆಗೆಂದೇ ಒಬ್ಬರನ್ನು ನೇಮಿಸುತ್ತಿರುವುದು ಇದಕ್ಕೇ. ಇನ್ನೊಂದು ಸೂಕ್ಷ್ಮವಿದೆ: 18 ತುಂಬದವರನ್ನು ಹೊರದೇಶದ ಕ್ಲಬ್ ಸೇರಿಸಿಕೊಳ್ಳಲು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಫಿಫಾ ಬಿಡುವುದಿಲ್ಲ. ನಮ್ಮದೇ ದೇಶದ ದೊಡ್ಡ ಕ್ಲಬ್ಬಿಗೆ ಆ ತಡೆ ಇಲ್ಲ. ಆದ್ದರಿಂದ ಸೀನಿಯರ್ ತಂಡದ ಮಟ್ಟ ಮುಟ್ಟುವ ಹುಡುಗನಿಗೆ, ಲೀಗ್ ನಿಯಮ ಅನುಮತಿಸುವ ಮೊದಲ ದಿನವೇ ಲಿಖಿತ ಒಪ್ಪಂದ ಮುಂದಿಡುತ್ತೇವೆ. 18ರ ಒಳಗಿನವರ ವೃತ್ತಿಪರ ಒಪ್ಪಂದ 3 ವರ್ಷ ಮೀರುವಂತಿಲ್ಲ. ಹಾಗಾಗಿ ಎರಡನೇ ವರ್ಷ ಮುಗಿಯುವಷ್ಟರಲ್ಲಿ ನವೀಕರಣದ ಮಾತು ಶುರುವಾಗಬೇಕು.

ಇನ್ನು ಮೈದಾನದ ವಿಷಯ. ಅಂಡರ್-13, ಅಂಡರ್-15, ಅಂಡರ್-18 ಎಂದು ಮೂರು ಗುಂಪು, ಗುಂಪಿಗೆ 20 ಮಂದಿ, ಅವರಲ್ಲಿ ಇಬ್ಬರು ಗೋಲ್‌ಕೀಪರ್‌ಗಳು. ಹತ್ತು ಮಂದಿಗೆ ಒಬ್ಬ ಕೋಚ್. ಚಿಕ್ಕ ಗುಂಪಿಗೆ ವಾರಕ್ಕೆ 75 ನಿಮಿಷದ ಮೂರು ತರಬೇತಿ ಮತ್ತು ಒಂದು ಪಂದ್ಯ. ಶಾಲೆಯ ಆಟವೂ ಸೇರಿ ವಾರದ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರಬಾರದು; 13ರ ಹುಡುಗನಿಗೆ 13 ಗಂಟೆ ಮೇಲ್ಮಿತಿ. ಅಂಡರ್-13 ಗುಂಪು ಮೊದಲರ್ಧ ಸೀಸನ್ ಸಣ್ಣ ಗೋಲ್ ಕಂಬಗಳ ನಡುವೆ, 4ನೇ ಸೈಜಿನ ಚೆಂಡಿನಲ್ಲಿ, ಒಂಬತ್ತು ಮಂದಿಯ ಆಟ ಆಡುತ್ತದೆ. ಪೂರ್ತಿ ಮೈದಾನದಲ್ಲಿ ಚಿಕ್ಕವರ ಕಾಲಿಗೆ ಚೆಂಡೇ ಸಿಗುವುದಿಲ್ಲ. 7.32 ಮೀಟರ್ ಅಗಲ, 2.44 ಮೀಟರ್ ಎತ್ತರದ ಗೋಲ್‌ನಲ್ಲಿ ಕೀಪರ್ ತಲೆಮೇಲೆ ಎತ್ತಿ ಹೊಡೆದದ್ದೆಲ್ಲ ಗೋಲಾಗುತ್ತದೆ, ಹುಡುಗರು ಅದನ್ನೇ ಕಲಿಯುತ್ತಾರೆ.

ಪ್ರತಿ 3 ತಿಂಗಳಿಗೊಮ್ಮೆ ಎತ್ತರ, ಕುಳಿತ ಎತ್ತರ, ತೂಕ ಅಳೆಯುತ್ತೇವೆ. ಮೂರು ತಿಂಗಳಲ್ಲಿ 2 ಸೆಂಟಿಮೀಟರ್‌ಗಿಂತ ಹೆಚ್ಚು ಬೆಳೆದವರಿಗೆ ವಾರಕ್ಕೊಂದು ತರಬೇತಿ ಕಡಿತ. ನೆಗೆತ ಮತ್ತು ಜೋರು ಹೊಡೆತದ ಅಭ್ಯಾಸ ಅರ್ಧಕ್ಕೆ. ಮೂಳೆ ಸರ‍್ರನೆ ಉದ್ದವಾಗುವಾಗ ಸ್ನಾಯು ಹಿಂದೆ ಬಿದ್ದು, ಅದು ಮೂಳೆಗೆ ಅಂಟಿದ ಜಾಗವನ್ನು ಜಗ್ಗುತ್ತದೆ. ಮೊಣಕಾಲ ಚಿಪ್ಪಿನ ಕೆಳಗಿನ ಉಬ್ಬು ಮತ್ತು ಹಿಮ್ಮಡಿ ನೋಯುವುದು ಆಗಲೇ. ಹಿಮ್ಮಡಿ ನೋವು ಎಂದವನನ್ನು ಸೋಮಾರಿ ಎನ್ನುವ ಕೋಚ್ ನಮಗೆ ಬೇಡ. ಫಿಫಾದ ‘11+’ ವಾರ್ಮ್‌ಅಪ್ ವಾರಕ್ಕೆ ಕನಿಷ್ಠ ಎರಡು ಸಲ ಕಡ್ಡಾಯ. ಅದಕ್ಕೆ ಬೇಕಾಗುವುದು 20 ನಿಮಿಷ. ಸಮಯ ಸಾಲದಾದಾಗ ಕೋಚ್‌ಗಳು ಮೊದಲು ಕತ್ತರಿ ಹಾಕುವುದು ಇದಕ್ಕೇ.

ಆಯ್ಕೆಯಲ್ಲಿ ಎಲ್ಲ ಕಡೆಯೂ ಆಗುವ ತಪ್ಪೊಂದಿದೆ. ಒಂದೇ ವಯೋಗುಂಪಿನಲ್ಲಿ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರ್‌ನವನಿಗಿಂತ ಹನ್ನೊಂದು ತಿಂಗಳು ದೊಡ್ಡವನು. ಎತ್ತರ, ಓಟ ಎರಡರಲ್ಲೂ ಮುಂದಿರುತ್ತಾನೆ; ನೋಡುವವರು ಅದನ್ನೇ ಪ್ರತಿಭೆ ಎಂದುಕೊಳ್ಳುತ್ತಾರೆ. ಹುಟ್ಟಿದ ದಿನಾಂಕದ ಪಟ್ಟಿ ಕೈಗೆ ಕೊಟ್ಟರೂ ಕಣ್ಣು ಮೋಸಹೋಗುತ್ತದೆ. ಆದ್ದರಿಂದ ಆಯ್ಕೆ ಶಿಬಿರದಲ್ಲಿ ಅಂಗಿಯ ಸಂಖ್ಯೆಗಳನ್ನೇ ವಯಸ್ಸಿನ ಕ್ರಮದಲ್ಲಿ ಕೊಡುತ್ತೇವೆ: ಎಲ್ಲರಿಗಿಂತ ದೊಡ್ಡವನಿಗೆ 1, ಎಲ್ಲರಿಗಿಂತ ಚಿಕ್ಕವನಿಗೆ ಕೊನೆಯ ಸಂಖ್ಯೆ.

ಇಷ್ಟೆಲ್ಲ ಸರಿಯಾಗಿ ನಡೆದರೂ ಅಕಾಡೆಮಿಗಳು ಸೋಲುವುದು 17 ಮತ್ತು 20ರ ನಡುವೆ. ಸೀನಿಯರ್ ಕೋಚ್‌ಗೆ ಶನಿವಾರದ ಪಂದ್ಯ ಗೆಲ್ಲಬೇಕು. ಹುಡುಗ ಬೆಂಚಿನಲ್ಲೇ ಉಳಿಯುತ್ತಾನೆ. ಮ್ಯಾಂಚೆಸ್ಟರ್ ಯುನೈಟೆಡ್ 1937ರಿಂದ ಪ್ರತಿ ಪಂದ್ಯದ ತಂಡದ ಪಟ್ಟಿಯಲ್ಲೂ ತನ್ನಲ್ಲೇ ಬೆಳೆದ ಒಬ್ಬನನ್ನಾದರೂ ಇಟ್ಟುಕೊಂಡು ಬಂದಿದೆ. ದೊಡ್ಡ ಪರಂಪರೆಯೇ ಹೌದು, ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಆಟ ಬರುವುದಿಲ್ಲ. ಹಾಗಾಗಿ ನಾವು ಹೆಸರಲ್ಲ, ನಿಮಿಷ ಎಣಿಸುತ್ತೇವೆ. ಒಂದು ಪಂದ್ಯದಲ್ಲಿ ತಂಡಕ್ಕೆ ಸಿಗುವುದು (11 ಮಂದಿಗೆ ತಲಾ 90 ನಿಮಿಷದಂತೆ) 990 ಆಟಗಾರ-ನಿಮಿಷಗಳು. ಸೀಸನ್‌ನ ಒಟ್ಟು ಲೆಕ್ಕದಲ್ಲಿ ಅದರ ಶೇ 10 ಅಕಾಡೆಮಿಯಿಂದ ಬಂದ, 21 ದಾಟದವರದ್ದಾಗಿರಬೇಕು. ಈ ಷರತ್ತು ಕೋಚ್ ಒಪ್ಪಂದದಲ್ಲೇ ಇದೆ. ಕೆಳಗಿನ ಲೀಗ್‌ಗೆ ಜಾರುವ ಭಯವಿದ್ದರೆ ವಿನಾಯಿತಿ ಎಂಬ ಸಾಲು ಬೇಕೆಂದೇ ಸೇರಿಸಿಲ್ಲ. ಸೇರಿಸಿದ್ದರೆ ಆ ಭಯ ಮೊದಲ ತಿಂಗಳಲ್ಲೇ ಶುರುವಾಗುತ್ತಿತ್ತು. ಟಿಕೆಟ್ ಕೊಂಡವರಿಗೆ ನೇರವಾಗಿ ಹೇಳುತ್ತೇವೆ: ಮೊದಲ ಎರಡು ಸೀಸನ್ ಕೆಲವು ಅಂಕಗಳು ಕೈಬಿಡಬಹುದು, ಅದರಲ್ಲೂ ಕೊನೆಯ ಅರ್ಧ ಗಂಟೆಯಲ್ಲಿ.

ಪೋಷಕರಿಗೆ ಎರಡು ಮಾತು. ವಾರಾಂತ್ಯದ ಶುಲ್ಕದ ತರಗತಿಗಳು ಈಗಿನಂತೆಯೇ ಮುಂದುವರಿಯುತ್ತವೆ, ಆದರೆ ಅವು ಅಕಾಡೆಮಿಗೆ ಬಾಗಿಲಲ್ಲ. ಆಯ್ಕೆ ಶಿಬಿರ ಎಲ್ಲರಿಗೂ ಒಂದೇ. ಅಕಾಡೆಮಿಯಲ್ಲಿ ಶುಲ್ಕವೇ ಇಲ್ಲ, ಏಕೆಂದರೆ ಶುಲ್ಕ ಕೊಡುವವರ ಮಗುವನ್ನು ಬೆಂಚಿನಲ್ಲಿ ಕೂರಿಸಲು ಯಾವ ಕೋಚ್‌ಗೂ ಧೈರ್ಯ ಬರುವುದಿಲ್ಲ. ಸೇರಿದವರಲ್ಲಿ ಹೆಚ್ಚಿನವರು ವೃತ್ತಿಪರ ಆಟಗಾರರಾಗುವುದಿಲ್ಲ. ಕೈಬಿಡುವ ತೀರ್ಮಾನ 15 ಮತ್ತು 18ರಲ್ಲಿ ಮಾತ್ರ, 3 ತಿಂಗಳು ಮುಂಚಿತವಾಗಿ, ಕಾರಣ ಸಹಿತ ಲಿಖಿತವಾಗಿ. ಬೇರೆ ಕ್ಲಬ್ಬಿಗೆ ತೋರಿಸಲು ಪಂದ್ಯದ ವಿಡಿಯೊ ಮತ್ತು ಅಳತೆಯ ದಾಖಲೆಗಳನ್ನು ಜೊತೆಗೆ ಕೊಡುತ್ತೇವೆ. ಪರೀಕ್ಷೆಯ ವಾರಗಳಲ್ಲಿ ತರಬೇತಿ ಇರುವುದಿಲ್ಲ.

ಆಟದ ನಿಮಿಷ, ಗಾಯ ಮತ್ತು ಖರ್ಚಿನ ಲೆಕ್ಕವನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಸದಸ್ಯರಿಗೆ ಕಳಿಸುತ್ತೇವೆ. ಮೈದಾನದ ಹೊಸ ಸಮಯ ಒಪ್ಪಿಗೆಯೋ ಮುಂಗಡ ವಾಪಸ್ ಬೇಕೋ ಎಂಬುದನ್ನು ಸೀಸನ್ ಶುರುವಾಗುವ 30 ದಿನ ಮೊದಲು ಕಚೇರಿಗೆ ತಿಳಿಸಿ. ಅಂಡರ್-18 ತಂಡದ ತವರು ಪಂದ್ಯಗಳಿಗೆ ನಿಮ್ಮ ಸೀಸನ್ ಟಿಕೆಟ್ಟೇ ಸಾಕು.

ಇಂತಿ,
ಆಡಳಿತ ಮಂಡಳಿ ಮತ್ತು ತರಬೇತಿ ವಿಭಾಗ