ಅಕ್ಷರದ ಬಣ್ಣ ಕಳಚುತ್ತಿರುವ ಅಕ್ರಿಲಿಕ್ ನಾಮಫಲಕದ ಕುರಿತು ದೂರು

ಇವರಿಂದ:
ಕಾರ್ಯದರ್ಶಿ, ವಾಚನಾಲಯ ಸಮಿತಿ,
ಭಾಗ್ಯನಗರ, ಕೊಪ್ಪಳ

ಇವರಿಗೆ:
ಮಾಲೀಕರು, ನಾಮಫಲಕ ತಯಾರಿಕಾ ಘಟಕ,
ಬಳ್ಳಾರಿ

ದಿನಾಂಕ: 12-05-2025

ವಿಷಯ: ದಾನಿಗಳ ಫಲಕವನ್ನು ಹೊಸದಾಗಿ ಮಾಡಿಕೊಡುವ ಬಗ್ಗೆ.

ಮಾನ್ಯರೆ,

ನಮ್ಮ ವಾಚನಾಲಯದ ಕಟ್ಟಡಕ್ಕೆ ನೆರವಾದ 42 ದಾನಿಗಳ ಹೆಸರುಗಳನ್ನು 3 ಅಡಿ ಅಗಲ, 2 ಅಡಿ ಎತ್ತರದ ಕಪ್ಪು ಅಕ್ರಿಲಿಕ್ ಹಾಳೆಯ ಮೇಲೆ ಲೇಸರ್‌ನಿಂದ ಕೆತ್ತಿ, ಬಂಗಾರದ ಬಣ್ಣ ತುಂಬಿಕೊಡಲು ಮಾರ್ಚ್ ತಿಂಗಳಲ್ಲಿ ನಿಮಗೆ ಒಪ್ಪಿಸಿದ್ದೆವು. ಒಟ್ಟು 7,800 ರೂಪಾಯಿಯನ್ನು ಪೂರ್ತಿ ಪಾವತಿಸಿದ್ದೇವೆ. ಫಲಕ ಗೋಡೆಗೇರಿ ಆರು ವಾರ ಕಳೆಯುವಷ್ಟರಲ್ಲಿ ಅದು ಓದಲು ಬಾರದ ಸ್ಥಿತಿಗೆ ಬಂದಿದೆ.

ಕಳೆದ ವಾರ ದಾನಿಗಳಲ್ಲಿ ಒಬ್ಬರ ವಯಸ್ಸಾದ ಪತ್ನಿ, ತೀರಿಹೋದ ಯಜಮಾನರ ಹೆಸರನ್ನು ನೋಡಲೆಂದೇ ಬಂದಿದ್ದರು. ಅವರಿಗೆ ಓದು ಬರುವುದಿಲ್ಲ. ನಾವು ತೋರಿಸಿದ ಸಾಲಿನ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಬೆರಳಿಗೆ ಬಂಗಾರದ ಚಕ್ಕೆ ಅಂಟಿಕೊಂಡು ಬಂತು. "ಯಪ್ಪಾ, ನಾನ ಕೆಡಿಸಿದ್ನೇನು?" ಎಂದು ಅವರು ಗಾಬರಿಯಾಗಿ ಕೇಳಿದಾಗ ನಮಗೆ ಉತ್ತರ ಹೊಳೆಯಲಿಲ್ಲ. ಈ ಪತ್ರ ಬರೆಯಲು ಆ ಘಟನೆಯೇ ಕಾರಣ.

ಉದುರಿದ ಚಕ್ಕೆಯ ಹಿಂಬದಿಗೆ ಬೂದು ಬಣ್ಣದ ಪುಡಿ ಮೆತ್ತಿಕೊಂಡಿದೆ. ಕೆತ್ತಿದ ಗುಳಿಯೊಳಗಿನ ಪುಡಿಯನ್ನು ತೆಗೆಯದೆಯೇ ಬಣ್ಣ ತುಂಬಿದ್ದರಿಂದ ಅದು ಹಾಳೆಗೆ ಕಚ್ಚಿಕೊಂಡಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇನ್ನು ಸೊನ್ನೆಗಳ ಗತಿ ಹೀಗಾಗಿದೆ: ನಿಂಗಪ್ಪ, ಶಾಂತಮ್ಮ ಮುಂತಾದ ಹೆಸರುಗಳಲ್ಲಿ ಸೊನ್ನೆಯ ನಡುವೆ ಉಳಿಯಬೇಕಾದ ರಕ್ಷಣಾ ಹಾಳೆಯ (ಬಣ್ಣ ಅಕ್ಷರದಾಚೆ ತಾಗದಂತೆ ಫಲಕದ ಮೇಲೆ ಅಂಟಿಸುವ ತೆಳು ಹಾಳೆ) ಸಣ್ಣ ಚುಕ್ಕೆ ಕಿತ್ತುಹೋಗಿ, ಅಲ್ಲಿಯೂ ಬಣ್ಣ ತುಂಬಿ, ಸೊನ್ನೆಯ ಜಾಗದಲ್ಲಿ ಬರೀ ಬೊಟ್ಟು ಕಾಣುತ್ತದೆ. ಒತ್ತಕ್ಷರಗಳ ಅಂಚಿನಲ್ಲಿ ಬಣ್ಣ ರಕ್ಷಣಾ ಹಾಳೆಯಡಿಗೆ ನುಸುಳಿ ಹರಡಿದೆ. ಇಂಗ್ಲಿಷ್ ಅಕ್ಷರಕ್ಕೆ ಸಾಲುವ ಗಾತ್ರ ಕನ್ನಡದ ಒತ್ತುಗಳಿಗೆ ಸಾಲುವುದಿಲ್ಲವೆಂದು ಮಾದರಿ ನೋಡಿದ ದಿನವೇ ನಾವು ಹೇಳಿದ್ದೆವು.

ಎಲ್ಲಕ್ಕಿಂತ ದೊಡ್ಡ ಹಾನಿ ಬಿರುಕಿನದು. ಟಾರ್ಚ್ ಬೆಳಕನ್ನು ಓರೆಯಾಗಿ ಹಿಡಿದರೆ ಅಕ್ಷರಗಳ ಸುತ್ತ ಕೂದಲೆಳೆಯಂಥ ಬಿರುಕುಗಳು ಹಬ್ಬಿರುವುದು ಕಾಣುತ್ತದೆ. ದೂರವಾಣಿಯಲ್ಲಿ ಕೇಳಿದಾಗ, ನಾವು ಫಿನೈಲ್ ಹಾಕಿ ಒರೆಸಿರಬೇಕೆಂದು ನಿಮ್ಮ ಸಿಬ್ಬಂದಿ ಹೇಳಿದರು. ಇದನ್ನು ನಾವು ಒಪ್ಪುವುದಿಲ್ಲ. ಫಲಕವನ್ನು ಅಳವಡಿಸಿದ ದಿನ, ಮೇಲೆ ಉಳಿದಿದ್ದ ಬಣ್ಣವನ್ನು ನಿಮ್ಮ ಕೆಲಸಗಾರರೇ ನಮ್ಮ ಕಣ್ಣೆದುರು ಥಿನ್ನರ್ (ಬಣ್ಣ ಕರಗಿಸುವ ದ್ರವ) ಅದ್ದಿದ ಬಟ್ಟೆಯಿಂದ ಒರೆಸಿದ್ದಾರೆ. ಲೇಸರ್‌ನ ಕಾವಿನಿಂದ ಕೆತ್ತನೆಯ ಅಂಚಿನಲ್ಲಿ ಒತ್ತಡ ಉಳಿದಿರುತ್ತದೆ. ಅಲ್ಲಿಗೆ ಥಿನ್ನರ್ ತಗುಲಿದರೆ ಅಕ್ರಿಲಿಕ್ ಸೀಳುತ್ತದೆಂಬುದು ಈ ಕೆಲಸದಲ್ಲಿರುವವರಿಗೆ ಗೊತ್ತಿರಬೇಕಾದ ಸಂಗತಿ. ಬಿರುಕುಗಳು ಅಕ್ಷರಗಳ ಸುತ್ತಲೇ ಇವೆ, ಖಾಲಿ ಜಾಗದಲ್ಲಿ ಒಂದೂ ಇಲ್ಲ.

ಮೇಲಿನ ಬಲಮೂಲೆಯ ಸ್ಕ್ರೂ ತೂತಿನಿಂದಲೂ ಒಂದು ಸೀಳು ಹೊರಟಿದೆ. ತಾಪ 30 ಡಿಗ್ರಿ ಏರಿದರೆ 3 ಅಡಿಯ ಅಕ್ರಿಲಿಕ್ ಹಾಳೆ ಸುಮಾರು 2 ಮಿಲಿಮೀಟರ್ ಹಿಗ್ಗುತ್ತದೆ. ಪಡುವಣ ಬಿಸಿಲು ನೇರವಾಗಿ ಬೀಳುವ ನಮ್ಮ ಗೋಡೆಯಲ್ಲಿ, ಹಿಗ್ಗಲು ಜಾಗ ಬಿಡದೆ ಸ್ಕ್ರೂಗೆ ಬಿಗಿಯಾಗಿ ಕೂರುವಷ್ಟೇ ತೂತು ಕೊರೆದಿರುವುದು ತಪ್ಪು.

ಆದ್ದರಿಂದ ಹಳೆಯ ಫಲಕಕ್ಕೆ ಮತ್ತೆ ಬಣ್ಣ ತುಂಬಿಕೊಡುತ್ತೇವೆಂದರೆ ನಾವು ಒಪ್ಪಲಾರೆವು. ಬಿರುಕುಗಳೊಳಗೂ ಬಣ್ಣ ಇಳಿದು ಅದು ಇನ್ನಷ್ಟು ಕೆಡುತ್ತದೆ. ಹೊಸ ಕಾಸ್ಟ್ ಅಕ್ರಿಲಿಕ್ (ಅಚ್ಚಿನಲ್ಲಿ ಎರಕ ಹೊಯ್ದ ಅಕ್ರಿಲಿಕ್) ಹಾಳೆಯಲ್ಲಿ, ಅಕ್ಷರದ ಗಾತ್ರ ಹೆಚ್ಚಿಸಿ, ಸ್ಕ್ರೂಗಿಂತ ಅಗಲವಾದ ತೂತು ಕೊರೆದು, 15 ದಿನಗಳೊಳಗೆ ಫಲಕವನ್ನು ಉಚಿತವಾಗಿ ಮಾಡಿಕೊಡಬೇಕು, ಇಲ್ಲವೇ ಪೂರ್ತಿ ಹಣ ಮರಳಿಸಬೇಕು. ಕೆತ್ತುವ ಮೊದಲು ಎಲ್ಲ ಹೆಸರುಗಳ ಕರಡು ಪ್ರತಿಯನ್ನು ನಮಗೆ ತೋರಿಸಿ ಸಹಿ ಪಡೆಯಬೇಕು. ಗಡುವು ಮೀರಿದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲು ಸಮಿತಿ ತೀರ್ಮಾನಿಸಿದೆ.

ಬಿಲ್ಲಿನ ಪ್ರತಿ ಮತ್ತು ಎಂಟು ಛಾಯಾಚಿತ್ರಗಳನ್ನು ಲಗತ್ತಿಸಿದೆ. ಉದುರಿದ ಚಕ್ಕೆಗಳನ್ನು ಒಂದು ಲಕೋಟೆಯಲ್ಲಿ ತೆಗೆದಿಟ್ಟಿದ್ದೇವೆ. ನಿಮ್ಮವರು ಬಂದಾಗ ತೋರಿಸುತ್ತೇವೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ