ಜಪಾನಿಗೆ ಹೊಸದಾಗಿ ಬಂದವರಿಗೆ: ಆರೋಗ್ಯ ವಿಮೆ

ಮೂರು ತಿಂಗಳು ಮೀರಿದ ವಾಸಕ್ಕೆ ವಿಮೆ ಕಡ್ಡಾಯ. ಕಂಪನಿ ವಿಮೆಯಾದರೆ ಕಂತಿನ ಅರ್ಧ ಕಂಪನಿಯೇ ಕಟ್ಟುತ್ತದೆ. ಅದಿಲ್ಲದವರು, ವಿದ್ಯಾರ್ಥಿಗಳೂ ಸೇರಿ, ವಿಳಾಸ ನೋಂದಾಯಿಸುವ ದಿನವೇ ನಗರ ಕಚೇರಿಯಲ್ಲಿ 'ಕೊಕುಮಿನ್ ಕೆಂಕೊ ಹೊಕೆನ್'ಗೆ (ರಾಷ್ಟ್ರೀಯ ಆರೋಗ್ಯ ವಿಮೆ) ಸೇರಿಬಿಡಿ. ಗಡುವು 14 ದಿನ. ತಡವಾದರೆ ಹಿಂಬಾಕಿ ಕಂತು ಕಟ್ಟಬೇಕು, ಆ ನಡುವಿನ ಚಿಕಿತ್ಸೆಯ ಖರ್ಚೂ ಪೂರ್ತಿ ನಿಮ್ಮ ತಲೆಗೇ ಬರಬಹುದು.

ಬಿಲ್ಲಿನಲ್ಲಿ ಸಾಮಾನ್ಯವಾಗಿ ನಿಮ್ಮ ಪಾಲು 30%. ದೊಡ್ಡ ಬಿಲ್ಲಿನಲ್ಲಿ ನೀವು ಕಟ್ಟುವ ಪಾಲಿಗೆ ಆದಾಯಕ್ಕೆ ತಕ್ಕ ಮಾಸಿಕ ಮಿತಿಯಿದೆ. ಹಲವರು ಎಡವುವುದು ಇಲ್ಲೇ: ಲೆಕ್ಕ 1ನೇ ತಾರೀಖಿನಿಂದ ತಿಂಗಳ ಕೊನೆಯವರೆಗೆ. 25ಕ್ಕೆ ದಾಖಲಾಗಿ ಮುಂದಿನ 5ಕ್ಕೆ ಬಿಡುಗಡೆಯಾದರೆ ಎರಡು ತಿಂಗಳ ಮಿತಿ ಬೇರೆ ಬೇರೆ. ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ದಯವಿಟ್ಟು ತಿಂಗಳ ಆರಂಭದ ದಿನ ಕೇಳಿ. ಊಟ, ಪ್ರತ್ಯೇಕ ಕೋಣೆಯ ಶುಲ್ಕ ಮಿತಿಯೊಳಗೆ ಬರುವುದಿಲ್ಲ.

ನಗರ ಕಚೇರಿಯ ವಿಮೆಯಲ್ಲಿ ಕಂತು ಹಿಂದಿನ ವರ್ಷದ ಜಪಾನ್ ಆದಾಯದ ಮೇಲೆ ನಿಲ್ಲುತ್ತದೆ. ಹಾಗಾಗಿ ಇಲ್ಲಿ ದುಡಿದವರಿಗೆ ಎರಡನೇ ವರ್ಷ ಏರುತ್ತದೆ, ಹಣ ಎತ್ತಿಡಿ.